ಹುಗ್ಗಿಯ ಪಂಕ್ತಿಯಲ್ಲಿ ಎತ್ತಿದ ಕೈ

ಅತ್ತೆಯವರೇ,

ನಿಮ್ಮ ಕೈಯಲ್ಲಿ ವರ್ಷಗಟ್ಟಲೆ ಹೊಡೆತ ತಿಂದು, ಒಂದೇ ಒಂದು ಸಲ ತಿರುಗಿ ಹೊಡೆದ ಸೊಸೆ ನೀಲವ್ವ ಬರೆಯುವ ಕಾಗದ ಇದು. ನೀವು ಹೋಗಿ ನಾಳೆಗೆ ವರ್ಷ. ನಿಮಗೆ ಓದಲು ಬರುತ್ತಿರಲಿಲ್ಲ, ಬಲ್ಲೆ. ಬದುಕಿದ್ದಾಗ ಬಾಯಿಬಿಟ್ಟು ಹೇಳಿದ್ದನ್ನಾದರೂ ಎಲ್ಲಿ ಕೇಳಿದಿರಿ? ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಹೊಡೆತ ನೆನಪಿದೆಯೇ? ಗಿರಿಜಾ ಆಗ ಮೂರು ವರ್ಷದ ಕೂಸು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗಡಿಗೆಯ ಹಾಗೆ. ಮೊಮ್ಮಗಳಿಗೆ ಶಕ್ತಿ ಬರಲೆಂದು ನೀವು ಹಾಲು, ಬೆಲ್ಲ ಹಾಕಿ ಗೋಧಿಯ ಸಜ್ಜಕ ಕುದಿಸುತ್ತಿದ್ದಿರಿ. ಮನೆಮಂದಿಗೆಲ್ಲ ಜೋಳದ ರೊಟ್ಟಿ. ಗೋಧಿ ಏನಿದ್ದರೂ ಹಬ್ಬಕ್ಕೆ, ಬಾಣಂತಿಗೆ, ಬೇನೆಯವರಿಗೆ. ಸಜ್ಜಕ ಉಂಡಳೆಂದರೆ ಭೇದಿ. ಭೇದಿಯಿಂದ ಸೊರಗಿದಳೆಂದು ಮತ್ತೆ ಸಜ್ಜಕ. "ಇದನ್ನ ನಾಕ ದಿನ ಬಿಟ್ಟ ನೋಡೂಣ್ರಿ ಅತ್ತಿ" ಅಂದೆ, ಅಷ್ಟೇ. ಒಲೆಯೊಳಗಿನ ಕೊಳ್ಳಿ ಎಳೆದು ನನ್ನ ತೋಳಿಗೆ ಬಾರಿಸಿದಿರಿ. "ಕೂಸಿನ ಬಾಯಾಗಿನ ತುತ್ತು ಕಸಗೋತಿ? ನಿನ್ನ ಬಾಯಾಗ ಮಣ್ಣ ಹಾಕ." ನಿಮ್ಮ ಮಗ ಮಗ್ಗದ ಕುಣಿಯೊಳಗೆ ಕಾಲಿಟ್ಟುಕೊಂಡು ಸೀರೆ ನೇಯುತ್ತಿದ್ದರು. ತಲೆ ಕೂಡ ಎತ್ತಲಿಲ್ಲ.

ಹುಬ್ಬಳ್ಳಿಯ ದವಾಖಾನೆಗೆ ಹೋದದ್ದು ನನ್ನ ಹಟದಿಂದ. ಡಾಕ್ಟರು ಅವಳ ಹೊಟ್ಟೆ ಒತ್ತಿ ನೋಡಿ, ಏನೇನು ಉಣಿಸುತ್ತೀರೆಂದು ಒಂದೂ ಬಿಡದೆ ಕೇಳಿದರು. "ಗೋದಿ ಈ ಕೂಸಿಗೆ ವಿಷ ಇದ್ದಂಗ. ಒಂದ ತುತ್ತೂ ಬ್ಯಾಡ. ಜ್ವಾಳ, ಸಜ್ಜಿ, ಅಕ್ಕಿ ಏನ ಬೇಕಾದ್ರೂ ಕೊಡ್ರಿ" ಎಂದರು. ನೀವು ಅಲ್ಲೇ ನಕ್ಕಿರಿ. "ಗೋದಿ ತಿಂದು ಸತ್ತವರನ್ನ ನಾ ಕಂಡಿಲ್ಲ. ಈ ಡಾಕ್ಟರಂದು ಜ್ವಾಳದ ಅಂಗಡಿ ಐತೇನು?" ನನಗೂ ನಗು ಬಂದಿತ್ತು, ನುಂಗಿಕೊಂಡೆ.

ಬರುವಾಗ ರೋಣದಲ್ಲಿ ಬಸ್ಸು ನಿಂತಾಗ ಖಾನಾವಳಿಗೆ ಹೋದೆವಲ್ಲ? ರೊಟ್ಟಿ ಬಡಿಯುತ್ತಿದ್ದವಳನ್ನು ಕೇಳಿದೆ, ಮ್ಯಾಲೆ ಉದುರಿಸೋದು ಯಾವ ಹಿಟ್ಟು ಎಂದು. "ಚೂರ ಗೋದಿ ಹಿಟ್ಟ ಹಾಕೇನಿ, ರೊಟ್ಟಿ ಹರೀಬಾರ್ದಂತ. ಅದಕ್ಕೇನಾತು?" ಗಿರಿಜಾಳ ಬಾಯಿಯ ಹತ್ತಿರ ಹೋಗಿದ್ದ ರೊಟ್ಟಿ ಕಸಿದು ತಾಟಿನ ಸಮೇತ ಬೀದಿಗೆ ಎಸೆದೆ. ಕೂಸು ಹಸಿದು ಚೀರಿತು. ನೀವು ನನ್ನ ತೊಡೆ ಚಿವುಟಿದ ಕಡೆ ಎಂಟು ದಿನ ನೀಲಿಗಟ್ಟಿತ್ತು. ತವರಿನಿಂದ ಬೇರೆ ಬೀಸುಕಲ್ಲು ತರಿಸಿ ಜೋಳ ಬೀಸಿದೆ, ಬೇರೆ ಹಂಚಿನ ಮೇಲೆ ಸುಟ್ಟೆ, ಹೊರಗೆ ಹೊರಟರೆ ರೊಟ್ಟಿ ಸೆರಗಿನಲ್ಲಿ ಕಟ್ಟಿಕೊಂಡೆ. ನಾಲ್ಕು ತಿಂಗಳಿಗೆ ಅವಳ ತೊಡೆಯಲ್ಲಿ ಮಾಂಸ ಕಂಡಿತು. ಓಣಿಯ ತುಂಬ ಓಡತೊಡಗಿದಳು.

ಮುಂಬೈ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದ ಮರುವರ್ಷ ನಿಮ್ಮ ಮಗಳು ಶಿವಕ್ಕನ ಮದುವೆ. ನರಗುಂದದ ಬೀಗರೆಲ್ಲ ಪಂಕ್ತಿಗೆ ಕೂತಿದ್ದರು. ನಡುವೆ ಕೊಪ್ಪರಿಗೆ ತುಂಬ ಗೋಧಿ ಹುಗ್ಗಿ. ಬೀಗರು ಬಾಯಿಗೆ ಇಟ್ಟ ಹುಗ್ಗಿಯ ತುತ್ತು ಒಲ್ಲೆ ಅಂದರೆ ಅವರ ಮೋರೆಗೆ ಉಗುಳಿದ ಹಾಗೆ, ಅಲ್ಲವೇ? ಹಿರಿಯ ಬೀಗತಿ ಗಿರಿಜಾಳ ಮುಂದೆ ತುತ್ತು ಹಿಡಿದಳು. ಕೂಸು ಬಾಯಿ ಬಿಗಿಹಿಡಿದು ನನ್ನ ಕಡೆ ನೋಡಿತು. ನೀವು ಅವಳನ್ನು ತೊಡೆಯ ಮೇಲೆ ಎಳೆದುಕೊಂಡು, ಎಡಗೈಯಿಂದ ಮೂಗು ಹಿಡಿದಿರಿ. ಉಸಿರಿಗೆಂದು ಬಾಯಿ ತೆರೆದಾಗ ಬಲಗೈಯಿಂದ ಹುಗ್ಗಿ ತುರುಕಿದಿರಿ. "ನುಂಗ. ನಿಮ್ಮವ್ವನ ಮಾತ ಕೇಳಬ್ಯಾಡ, ನುಂಗ." ಅವಳ ಕಣ್ಣು ಮೇಲೆ ಹೋದವು.

ಬಡಿಸುತ್ತಿದ್ದ ಹಿತ್ತಾಳೆ ಸೌಟು ನನ್ನ ಕೈಯಲ್ಲಿತ್ತು. ಮೊದಲನೇ ಏಟಿಗೆ ನೀವು ಬಿಡಲಿಲ್ಲ. ಎರಡನೇ ಏಟಿಗೆ ಮುಂಗೈ ಎಲುಬು ಲಟ್ಟೆಂದದ್ದು ನನಗೆ ಕೇಳಿಸಿತು. ಮೂರನೆಯದು ಬೇಕಿರಲಿಲ್ಲ ಅತ್ತೆ, ಆದರೂ ಹೊಡೆದೆ. ಹಿತವಾಗಿತ್ತು. ಆಮೇಲೆ ನಿಮ್ಮ ಮಗ ನನ್ನ ತುರುಬು ಹಿಡಿದು ಬೀಗರೆದುರಿಗೇ ಅಂಗಳಕ್ಕೆ ಎಳೆದೊಯ್ದು ಒದ್ದರು. ನನ್ನ ಎರಡು ಹಲ್ಲು ಹೋದವು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮಿಬ್ಬರ ಕಾಲವೂ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು.

ಗಿರಿಜಾ ಎಂಟು ದಿನ ಹಾಸಿಗೆ ಹಿಡಿದು ಉಳಿದುಕೊಂಡಳು. ನಿಮ್ಮ ಮುಂಗೈ ಸೊಟ್ಟಗೆ ಕೂಡಿತು. ಊರಲ್ಲೇ ಎಲ್ಲರಿಗಿಂತ ತೆಳುವಾಗಿ ರೊಟ್ಟಿ ಬಡಿಯುತ್ತಿದ್ದ ಕೈ, ಮತ್ತೆ ಹಿಟ್ಟು ಕೂಡ ನಾದಲಿಲ್ಲ. ಸಾಯುವವರೆಗೆ ಒಂದು ವರ್ಷ ನಾನು ಬಡಿದ ರೊಟ್ಟಿಯನ್ನು ಎಡಗೈಯಲ್ಲಿ ಉಂಡಿರಿ. ನನ್ನೊಡನೆ ಒಂದು ಮಾತಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು...

ಈಗ ನಿಮಗೆ ಗೊತ್ತಿಲ್ಲದ ಮಾತು. ಮದುವೆಗೆ ತಿಂಗಳು ಮೊದಲು ನರಗುಂದದಲ್ಲಿ ನಿಶ್ಚಯದ ಊಟ ಆಗಿ, ಮನೆಗೆ ಬಂದ ಮೇಲೆ ಗಿರಿಜಾ ನಾಲ್ಕು ದಿನ ಮಲಗಿದ್ದಳಲ್ಲ? ನಿಮ್ಮ ಮಗ ಕೇಳಿದಾಗ ನಾನು ನಿಮ್ಮತ್ತ ಬೆರಳು ತೋರಿಸಿದೆ. "ನಾ ಕೊಟ್ಟಿಲ್ಲಪಾ, ನಿನ್ನಾಣಿ" ಎಂದು ನೀವು ಅತ್ತಿರಿ. ಯಾರು ನಂಬಬೇಕು? "ಅವ್ವಾ, ಇನ್ನ ಮ್ಯಾಲೆ ನಿನ್ನ ಕೈಯಾಗಿನ ತುತ್ತು ನನ್ನ ಮಗಳಿಗೆ ಬ್ಯಾಡ" ಎಂದುಬಿಟ್ಟರು.

ಕೊಟ್ಟವಳು ನಾನು. ನರಗುಂದದ ಹೆಂಗಸರು ಅವಳ ಎಲೆಯಲ್ಲಿ ಬರೀ ಅನ್ನ ನೋಡಿ, "ಕೂಸಿಗೆ ಏನ ಬ್ಯಾನಿ? ಮನಿತನದಾಗ ಐತೇನು?" ಎಂದು ಗುಸುಗುಸು ಮಾಡಿದರು. ಶಿವಕ್ಕನ ಸಂಬಂಧ ಮುರಿದೀತೆಂದು ಹೆದರಿ, ನಾನೇ ಗೋಧಿಯ ಹೋಳಿಗೆ ಮುರಿದು ಮಗಳ ಬಾಯಿಗಿಟ್ಟೆ. "ನುಂಗವಾ, ಲಗೂ ನುಂಗ" ಎಂದೆ. ವಿಷವೆಂದು ಗೊತ್ತಿದ್ದೇ ಇಟ್ಟೆ. ನೀವು ಡಾಕ್ಟರ ಮಾತು ನಂಬಿರಲೇ ಇಲ್ಲ, ಶಕ್ತಿ ಬರುತ್ತದೆಂದೇ ತಿಳಿದಿದ್ದಿರಿ. ಮೊಮ್ಮಗಳಿಗೆ ಕೈತುತ್ತು ಇಡಬಾರದೆಂಬ ಮಾತು ಕೇಳಿಸಿಕೊಂಡ ಮುದುಕಿ, ಬೀಗರೆದುರು ಹಟಕ್ಕೆ ಬೀಳದೆ ಇನ್ನೇನು ಮಾಡಬೇಕಿತ್ತು? ಆ ಮೂರು ಏಟು ನನ್ನ ಕೈಗೆ ಬೀಳಬೇಕಿದ್ದವು.

ನಾಳೆ ನಿಮ್ಮ ವರ್ಷದ ಊಟಕ್ಕೆ ನರಗುಂದದವರೂ ಬರುತ್ತಾರೆ. ಎಲ್ಲರೂ ಎಲೆಗೆ ಕೂತ ಮೇಲೆ, ಬಡಿಸುವ ಮುಂಚೆ, ಗಿರಿಜಾಳ ಎದುರಿಗೇ ಇದನ್ನು ಹೇಳುತ್ತೇನೆ. ನಿಮ್ಮ ಮಗ ಕೈ ಎತ್ತಿದರೆ ಆ ಕೈ ಹಿಡಿಯುತ್ತೇನೆ. ಮಾತು ಮಾತ್ರ ನಿಲ್ಲಿಸುವುದಿಲ್ಲ.

ನಿಮ್ಮ ಸೊಸೆ,
ನೀಲವ್ವ