ಬಲಗಡೆಯಿಂದ ಓದಬೇಕಿದ್ದ ಪುಸ್ತಕ

ಮೊಳಕಾಲ್ಮುರು, ೧೨ ನವೆಂಬರ್, ಬುಧವಾರ

ಊಟ ಸೇರಲಿಲ್ಲ. ಸ್ಟಾಫ್ ರೂಮಿನ ನಗು ಇನ್ನೂ ಕಿವಿಯಲ್ಲಿದೆ.

ಮಗಳು ವನಜಾಕ್ಷಿ ತಾನು ಪಾಠ ಮಾಡುವ ಚಳ್ಳಕೆರೆ ಶಾಲೆಯ ಲೈಬ್ರರಿಗೆ ಬಂದ, ಇಂಗ್ಲಿಷಿಗೆ ಆದ ಜಪಾನಿ ಚಿತ್ರಕಥೆ, ಮಾಂಗಾ ಅಂತೆ, ಮೂರು ಭಾಗ ಕೊಟ್ಟು, ಮಕ್ಕಳಿಗೆ ಆಗುತ್ತದೋ ನೋಡಿ ಹೇಳು ಎಂದಿದ್ದಳು. ಕಣ್ಣಿಗೆ ಯಂತ್ರ ಕಟ್ಟಿಕೊಂಡು ಆನ್‌ಲೈನ್ ಆಟದೊಳಗೇ ಬದುಕುವವರ ಕಥೆ.

"ಅಪ್ಪಾ, ಇದನ್ನ ಬಲಗಡೆಯಿಂದ ಓದ್ಬೇಕು."

"ಬಿ.ಎ. ಇಂಗ್ಲಿಷ್ ಮಾಡಿದೋನಿಗೆ ಪುಸ್ತಕ ಹಿಡಿಯೋದು ಕಲಿಸ್ತೀಯೇನೇ?" ಎಂದುಬಿಟ್ಟೆ.

ಎಡದಿಂದಲೇ ಓದಿದೆ. ಅಭಿಪ್ರಾಯ ಬರೆದು, ಇವತ್ತು ಅವಳ ಶಾಲೆಗೆ ಹೋಗಿ ಮೇಷ್ಟ್ರುಗಳ ಮುಂದೆ ನಾನೇ ಓದಿದೆ. 'ಯೂನಿಟಿ ಆಫ್ ಟೈಮ್ ಇಲ್ಲ, ಯೂನಿಟಿ ಆಫ್ ಇನ್ನೊಂದೂ ಇಲ್ಲ. ಸತ್ತ ನಾಯಕಿ ಎದ್ದು ಬರುತ್ತಾಳೆ. ಪ್ಲಾಟ್ ಈಸ್ ಡಿಫೆಕ್ಟಿವ್.'

ಡ್ರಾಯಿಂಗ್ ಮೇಷ್ಟ್ರು ಹೊನ್ನೂರಪ್ಪ ಪುಟ ತಿರುಗಿಸಿ ತೋರಿಸಿದರು. "ಸಾರ್, ನೀವು ತಿಥಿಯಿಂದ ಸುರು ಮಾಡಿ ನಾಮಕರಣಕ್ಕೆ ಬಂದೀರಲ್ಲ."

ಎಲ್ಲರೂ ನಕ್ಕರು. ವನಜಾಕ್ಷಿ ಮಾತ್ರ, "ತಪ್ಪು ನಂದು. ಅಪ್ಪಗೆ ಹೇಳೋದೇ ಮರ್ತಿದ್ದೆ" ಅಂದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳು ನನ್ನನ್ನು ಬಸ್ಸು ಹತ್ತಿಸಲು ಬಂದಾಗಲೂ ಮೂರನೆಯ ಭಾಗವನ್ನು ಮಾತ್ರ ಕೇಳಿ ಇಸ್ಕೊಂಡೆ.

ಈಗ ಮೂರನೆಯ ಭಾಗವನ್ನು ಬಲಗಡೆಯಿಂದ ಓದಿ ಮುಗಿಸಿದೆ. ನಾಯಕಿ ಒಲೆಯ ಮುಂದೆ ಕೂತಿರುತ್ತಾಳೆ, ಆಮೇಲೆ ಸಾಯುತ್ತಾಳೆ, ಮತ್ತೆ ಬರುವುದಿಲ್ಲ. ಎಡದಿಂದ ಓದುವಾಗ ಅವಳು ಎದ್ದು ಬಂದು ಒಲೆಯ ಮುಂದೆ ಕೂತ ಪುಟವನ್ನು ನಾಲ್ಕು ಸಲ ನೋಡಿದ್ದೆ. ವನಜಾಕ್ಷಿಯ ಅವ್ವ ಹೋಗಿ ಮೂರು ವರ್ಷ. ಅಷ್ಟು ಇಷ್ಟಪಟ್ಟಿದ್ದನ್ನೇ ಡಿಫೆಕ್ಟಿವ್ ಎಂದು ಬರೆದೆ, ಆ ಮಗುವಿನ ಕೈಯಲ್ಲಿ ಸುಳ್ಳೂ ಹೇಳಿಸಿದೆ.

ಬೆಳಿಗ್ಗೆ ಅವಳಿಗೆ ಫೋನ್ ಮಾಡಬೇಕು. ನೀನು ಹೇಳಿದ್ದೆ ಕಣವ್ವಾ, ನಾನೇ ಕೇಳಲಿಲ್ಲ ಅನ್ನಬೇಕು.