ಕಾಲಳತೆಯವಳು ಬೆಟ್ಟ ಹತ್ತಿದ್ದು

ಜನವರಿ ೨೧, ಭಾನುವಾರ ಮಧ್ಯಾಹ್ನ

ನನ್ನ ಚಿನಕುರಳೀ,

ನೂರು ಕಾಲ ಚೆನ್ನಾಗಿರು. ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕಿ ಮಾತು ತಪ್ಪಿಸುತ್ತೀಯ. ಅದಕ್ಕೇ ಈ ಕಾಗದ. ಪೂರ್ತಿ ಓದು, ಆಮೇಲೆ ಬೇಕಾದರೆ ಸಿಟ್ಟು ಮಾಡಿಕೋ.

ಮೊದಲು ಸಂತೋಷದ ಸುದ್ದಿ. ಫೋಟೋ ಕ್ಲಬ್ಬಿನವರ ಜೊತೆ ಹಿಮದ ಬೆಟ್ಟಕ್ಕೆ ಹೋದವಳು ಗುರುವಾರ ಕ್ಷೇಮವಾಗಿ ವಾಪಸು ಬಂದೆ. ಒಂಬತ್ತು ಜನ ತೆಗೆದ ರಾಶಿ ಚಿತ್ರಗಳಲ್ಲಿ, ಪ್ರದರ್ಶನದ ಬಾಗಿಲಿಗೆ ಎದುರಾಗಿ ತೂಗುಹಾಕಲು ನಮಗೆ ಕಲಿಸುವ ಮೇಷ್ಟ್ರು ಒಂದೇ ಒಂದನ್ನು ಆರಿಸಿದ್ದಾರೆ. ಅದು ನನ್ನದು. ಐವತ್ತೆಂಟನೇ ವಯಸ್ಸಿನಲ್ಲಿ ಇಷ್ಟಕ್ಕೂ ಬೀಗದಿದ್ದರೆ ಇನ್ಯಾವಾಗ ಬೀಗಲಿ? ನೀನು ಪ್ರೀತಿಯಿಂದ ಕೊಟ್ಟ ಬೂಟು ಕೂಡ ನನ್ನ ಜೊತೆ ಮೇಲಿನವರೆಗೂ ಬಂತು.

ಇನ್ನು ನಿನಗೆ ಹಿಡಿಸದ ಸುದ್ದಿ. ನಿನಗೆ ಕೊಟ್ಟ ಮಾತು ಮುರಿದೆ. ಅಲ್ಲಿಗೆ ಬರೋರೆಲ್ಲ ಡಾಕ್ಟ್ರು, ವಕೀಲ್ರು, ಚಪ್ಪಲಿ ಅಂಗಡಿ ವಿಷಯ ಎತ್ತಬೇಡಮ್ಮಾ, ಕೇಳಿದ್ರೆ ಬಿಸಿನೆಸ್ ಅಂದುಬಿಡು ಎಂದು ನಾನು ಹೊರಡುವ ದಿನ ನೀನು ಹೇಳಿದ್ದೆ. ನಿನ್ನ ಅತ್ತೆ ಮಾವ ಪ್ರದರ್ಶನ ನೋಡಲು ಬರುತ್ತಾರೆಂಬ ಅಳುಕು ನಿನಗೆ. ನಾನೂ ಹೂಂಗುಟ್ಟಿದ್ದೆ. ನೀನು ಶಾಲೆಗೆ ಹೋಗುವಾಗೊಮ್ಮೆ ಗೆಳತಿಯರ ಜೊತೆ ಅಂಗಡಿಯ ಮುಂದೆ ಹಾದುಹೋದವಳು, ನಾನು ಯಾರದೋ ಕಾಲ ಬಳಿ ಕೂತದ್ದನ್ನು ಕಂಡು ಮುಖ ತಿರುಗಿಸಿದೆಯಲ್ಲ, ಅದು ನನಗೂ ಕಂಡಿತ್ತು. ಇಷ್ಟು ವರ್ಷ ಆಡಿರಲಿಲ್ಲ, ಇವತ್ತು ಆಡಿಬಿಟ್ಟೆ.

ಮೊದಲ ದಿನದ ನಡಿಗೆ ಮುಗಿಸಿ ತಂಗುಮನೆ ಸೇರಿದಾಗ ಸಂಜೆ ಐದು. ಬೂಟು ಬಿಚ್ಚಿದರೆ ಒಬ್ಬೊಬ್ಬರ ಪಾದದ್ದೂ ಒಂದೊಂದು ಗೋಳು. ಹಲ್ಲಿನ ಡಾಕ್ಟರ ಹಿಮ್ಮಡಿಯಲ್ಲಿ ನೀರುಗುಳ್ಳೆ, ವಕೀಲರ ಹೆಬ್ಬೆರಳಿನ ಉಗುರು ಕಪ್ಪು. ಮರುದಿನ ಸೂರ್ಯೋದಯದ ಫೋಟೋಗಾಗಿ ಎದುರಿನ ದಿಣ್ಣೆಗೆ ಎರಡು ಗಂಟೆ ಹತ್ತಬೇಕಿತ್ತು. ಒಬ್ಬರಿಗೆ ಆಗದಿದ್ದರೂ ಯಾರೂ ಹೋಗುವಂತಿಲ್ಲ, ಅದು ಕ್ಲಬ್ಬಿನ ನಿಯಮ. ಮೇಷ್ಟ್ರು ಎಲ್ಲರ ಕಾಲು ನೋಡಿ, ನಾಳೆಯದು ಬಿಟ್ಟುಬಿಡೋಣ ಎಂದೇಬಿಟ್ಟರು. ಕ್ಲಬ್ಬು ಸೇರಿದ ಮೂರು ವರ್ಷದಿಂದ ನಾನು ಕಾದಿದ್ದ ಬೆಳಗು ಅದು. ಬಿಸಿನೆಸ್ ಮಾಡುವವಳ ಗತ್ತಿನಲ್ಲಿ ಮೂಲೆಯಲ್ಲಿ ಎಷ್ಟು ಹೊತ್ತು ಅಂತ ಕೂರಲಿ, ಹೇಳು.

ಎದ್ದು ಹೋಗಿ ವಕೀಲರ ಮುಂದೆ ಮಂಡಿಯೂರಿದೆ. ಚಪ್ಪಲಿ ಅಂಗಡಿಯಲ್ಲಿ ಮೂವತ್ತೊಂದು ವರ್ಷದಿಂದ ಇದೇ ನನ್ನ ಕೆಲಸ ಎಂದೆ. ಅವರು ಕಾಲು ಹಿಂದೆಳೆದುಕೊಂಡು, ಛೆ, ನೀವು ನಮ್ಮ ಕಾಲು ಮುಟ್ಟೋದಾ ಎಂದರು. ಸುಮ್ನೆ ಕೂತ್ಕೊಳ್ಳಿ ಸಾರ್, ಅಲ್ಲಾಡಿದ್ರೆ ಅಳತೆ ತಪ್ಪುತ್ತೆ ಎಂದು ಗದರಿದೆ. ಕೂತರು. ಚಳಿಗೆಂದು ಎರಡು ಜೊತೆ ಕಾಲುಚೀಲ ತುರುಕಿಕೊಂಡಿದ್ದರು, ಒಂದನ್ನು ತೆಗೆಸಿದೆ. ಡಾಕ್ಟರ ಗುಳ್ಳೆಗೆ ಮೆತ್ತನೆ ಪಟ್ಟಿ ಅಂಟಿಸಿ, ಹಿಮ್ಮಡಿ ಜಾರದಂತೆ ಕಣಕಾಲಿನ ಹತ್ತಿರ ಲೇಸು ಬಿಗಿದು, ಬೆರಳಿನ ಕಡೆ ಸಡಿಲ ಬಿಟ್ಟೆ. ಇನ್ನಿಬ್ಬರ ಬೂಟುಗಳನ್ನು ಅದಲುಬದಲು ಮಾಡಿಸಿದೆ. ಎಂಟು ಜೊತೆ ಕಾಲು ಮುಗಿಸಿ ಏಳುವಷ್ಟರಲ್ಲಿ ಮೇಷ್ಟ್ರು ಅಲಾರಾಂ ಇಡುತ್ತಿದ್ದರು.

ಬೆಳಿಗ್ಗೆ ಒಂಬತ್ತು ಜನವೂ ದಿಣ್ಣೆ ಹತ್ತಿದೆವು. ಬಿಸಿಲು ಮೂಡಿತು, ಎಂಟು ಕ್ಯಾಮೆರಾಗಳೂ ಶಿಖರದ ಕಡೆ ಎದ್ದವು. ನಾನು ಅಭ್ಯಾಸಬಲದಿಂದ ಕೆಳಗೆ ನೋಡಿದೆ. ನಾವು ಹತ್ತಿಬಂದ ಹೆಜ್ಜೆಗಳು ಹಿಮದಲ್ಲಿ ಸಾಲಾಗಿದ್ದವು, ಒಂದೊಂದರಲ್ಲೂ ಒಂದಿಷ್ಟು ನೀಲಿ ನೆರಳು ನಿಂತಿತ್ತು. ಯಾವ ಹೆಜ್ಜೆ ಯಾರದೆಂದು ನನಗೊಬ್ಬಳಿಗೇ ಗೊತ್ತಿತ್ತು. ಹಿಮದ ಮೇಲೆ ಬೋರಲು ಮಲಗಿ ತೆಗೆದ ಚಿತ್ರ ಅದು. ಮೂವತ್ತೊಂದು ವರ್ಷ ಕಾಲು ನೋಡದವರಿಗೆ ಇದು ಕಾಣುತ್ತಿರಲಿಲ್ಲ ಎಂದರು ಮೇಷ್ಟ್ರು. ನನ್ನ ಕೆಲಸದ ಬಗ್ಗೆ ಅಂಥ ಮಾತು ಕೇಳಿದ್ದು ಅದೇ ಮೊದಲು, ಕಣ್ಣು ತುಂಬಿ ಬಂತು.

ಚಿತ್ರದ ಕೆಳಗೆ ಅಂಟಿಸುವ ಚೀಟಿಯಲ್ಲಿ ಹೆಸರು, ಉದ್ಯೋಗ ಕೇಳಿದ್ದರು. ಬಿಸಿನೆಸ್ ಎಂದು ಬರೆಯಲು ಕೈ ಬರಲಿಲ್ಲ. ‘ಚಪ್ಪಲಿ ಅಂಗಡಿಯಲ್ಲಿ ಕಾಲಳತೆ ತೆಗೆಯುವವರು’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದೇನೆ. ಬೀಗರೂ ಓದಲಿ. ನೀನು ಬಂದು ಅದರ ಪಕ್ಕ ನಿಲ್ಲಬೇಕೆಂಬ ಆಸೆ ನನಗೆ. ಮುಜುಗರವಾದರೆ ಬಲವಂತವಿಲ್ಲ, ಆದರೆ ನಾನಂತೂ ಬಾಗಿಲ ಕಡೆಯೇ ನೋಡುತ್ತಿರುತ್ತೇನೆ.

ಇನ್ನೂ ಬೀಗುತ್ತಲೇ ಇರುವ,
ನಿನ್ನ ಅಮ್ಮ

ತಾ.ಕ.: ನಿನ್ನ ಬೂಟು ಬೆಟ್ಟ ಹತ್ತಿದ್ದು ನಿಜ, ಚೀಲದೊಳಗೆ. ಬಿಟ್ಟುಹೋಗಲು ಮನಸ್ಸಾಗಲಿಲ್ಲ. ನಾನು ಹಾಕಿಕೊಂಡಿದ್ದು ನಿಮ್ಮಪ್ಪನ ಹಳೇ ಬೂಟು, ಅಳತೆ ಏಳು. ಐದು ಎಂದು ನಿನಗೆ ಹೇಳಿದ್ದು ಸುಳ್ಳು. ನಿಂತೂ ನಿಂತೂ ನನ್ನ ಪಾದ ಅಗಲವಾಗಿ ಎಷ್ಟೋ ಕಾಲವಾಯಿತು. ಊರವರದ್ದೆಲ್ಲ ಅಳೆದವಳು, ನಾಚಿಕೆಪಟ್ಟು ನನ್ನ ಕಾಲನ್ನು ಮಾತ್ರ ಅಳತೆಪಟ್ಟಿಯ ಮೇಲೆ ಇಡಲೇ ಇಲ್ಲ. ಹಾಗಾಗಿ ನಾಚಿದವಳು ನೀನೊಬ್ಬಳೇ ಅಲ್ಲ ಮಗಳೇ. ಐದು ನಿನ್ನ ಅಳತೆ, ಆ ಬೂಟು ನಿನಗೇ. ಬರುವುದಾದರೆ ಮೊದಲು ಅಂಗಡಿಗೇ ಬಾ. ಎಲ್ಲರೆದುರು ಸ್ಟೂಲಿನ ಮೇಲೆ ಕೂರು, ಲೇಸು ನಾನೇ ಕಟ್ಟುತ್ತೇನೆ.