ಇಂಡಿಕೇಟರ್ ಸದ್ದು ಸಾಕು

ರೀ,

ಬೇಡ ಅಂದ್ರೂ ಇವತ್ತು ಕಾರು ತೆಗೀತೀರಿ ಅಂತ ಗೊತ್ತು, ಅದಕ್ಕೇ ಕೀ ಈ ಚೀಟಿ ಕೆಳಗಿಟ್ಟಿದ್ದೀನಿ. ಸೂಪು ಫ್ಲಾಸ್ಕಿನಲ್ಲಿದೆ. ಗಂಟಲಿನ ಬ್ಯಾಂಡೇಜ್ ಮುಟ್ಟಬೇಡಿ, ಸಂಜೆ ಅಂಗಡಿಯಿಂದ ಬಂದು ನಾನೇ ಬದಲಾಯಿಸ್ತೀನಿ.

ನಿನ್ನೆ ಅಡುಗೆಮನೆ ಕಿಟಕಿಯಿಂದ ನೋಡಿದೆ. ಕಾರಿನಲ್ಲಿ ಕೂತು, ಸ್ಟಿಯರಿಂಗ್ ಮೇಲಿನ ಫೋನ್ ಬಟನ್ ಒತ್ತಿ, ಮೊದಲಿನ ಹಾಗೆ "ಮನೆಯವಳಿಗೆ ಫೋನ್ ಮಾಡು" ಅಂತ ತುಟಿ ಆಡಿಸ್ತಿದ್ರಿ. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆನೇ ತೆಗೆದಿದ್ದಾರೆ ಅಂತ ಆ ಕಾರಿಗೇನು ಗೊತ್ತು? "ಕೇಳಿಸಲಿಲ್ಲ, ಮತ್ತೊಮ್ಮೆ ಹೇಳಿ" ಅಂತ ಬಡ್ಕೊಳ್ತಾನೇ ಇತ್ತು.

ಹಳೇ ಮೊಬೈಲಿನಲ್ಲಿ ಆ ಮಾತನ್ನ ನಾನೇ ರೆಕಾರ್ಡ್ ಮಾಡಿದ್ದೀನಿ. ಬಟನ್ ಒತ್ತಿ ಅದನ್ನ ಹಾಕಿದ್ರೆ ನನಗೆ ಕಾಲ್ ಬರುತ್ತೆ. ಮುಖ ಗಂಟು ಹಾಕ್ಕೋಬೇಡಿ. ನಿಮ್ಮ ದನೀನೇ ಹಿಡಿದಿಟ್ಕೋಬೇಕಿತ್ತು ಅಂತ ಆಪರೇಷನ್ನಿಗೆ ಮುಂಚೆ ಇಬ್ಬರಿಗೂ ಹೊಳೀಲಿಲ್ಲ.

ನಾನು ಫೋನ್ ಎತ್ತಿದ ಮೇಲೆ ಏನು ಮಾಡ್ಲಿ ಅಂತೀರಾ? ಇಂಡಿಕೇಟರ್ ಹಾಕಿ. ಆ ಟಿಕ್ ಟಿಕ್ ಕೇಳಿದ್ರೆ ನೀವಿದ್ದೀರಿ ಅಂತ ಗೊತ್ತಾಗುತ್ತೆ. ಮಾತೆಲ್ಲ ನಾನಾಡ್ತೀನಿ, ಮೊದಲೂ ನಾನೇ ತಾನೆ ಆಡ್ತಿದ್ದದ್ದು. ನೀವು ಇಂಡಿಕೇಟರ್ ನಿಲ್ಲಿಸೋವರೆಗೂ ನಾನು ಫೋನ್ ಇಡಲ್ಲ.